ಗ್ಯಾಸ್ ಗೀಸರ್ ದುರಸ್ತಿ: ಅರ್ಹ ತಂತ್ರಜ್ಞರ ಆಯ್ಕೆ ಮತ್ತು ನಾಗರಿಕರ ಸುರಕ್ಷತೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ

ಪ್ರಸ್ತಾವನೆ

2023ರ ಜೂನ್ ತಿಂಗಳಲ್ಲಿ ಬೆಂಗಳೂರು ಹೊರವಲಯದ ಚಿಕ್ಕಜಾಲ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ಇಬ್ಬರು, 2025ರ ಅಕ್ಟೋಬರ್ ತಿಂಗಳಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಸ್ನಾನದ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಮೃತಪಟ್ಟಿರುತ್ತಾರೆ. ಎರಡೂ ಪ್ರಕರಣಗಳಲ್ಲಿ ಗ್ಯಾಸ್ ಗೀಸರ್‌ನಿಂದ ಹೊರಬಂದ ಅನಿಲವೇ ಕಾರಣವೆಂದು ಶಂಕಿಸಲಾಗಿತ್ತು. ಬೆಂಕಿಯಾಗಲಿ, ಸಿಲಿಂಡರ್ ಸ್ಫೋಟವಾಗಲಿ ಅಲ್ಲಿ ಸಂಭವಿಸಿರಲಿಲ್ಲ.

ಪಿರಿಯಾಪಟ್ಟಣವು ಮಧುಗಿರಿ, ಶಿರಾಗಳಂತೆಯೇ ಒಂದು ತಾಲ್ಲೂಕು ಕೇಂದ್ರ. ಆದುದರಿಂದ ಇದು ಮಹಾನಗರದ ಬಹುಮಹಡಿ ಕಟ್ಟಡಗಳಿಗೆ ಮಾತ್ರ ಸೀಮಿತವಾದ ಅಪಾಯವೆಂದು ಭಾವಿಸುವಂತಿಲ್ಲ. ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳ ಪರಿಸ್ಥಿತಿಯನ್ನು ಗಮನದಲ್ಲಿರಿಸಿಕೊಂಡು, ಗ್ಯಾಸ್ ಗೀಸರ್ ಅಳವಡಿಕೆ ಹಾಗೂ ದುರಸ್ತಿಯನ್ನು ಯಾರಿಂದ ಮಾಡಿಸಬೇಕು, ಏಕೆ ಮಾಡಿಸಬೇಕು ಎಂಬುದನ್ನು ಇಲ್ಲಿ ವಿಶ್ಲೇಷಿಸಲಾಗಿದೆ. ಹೊಸ ಅನಿಲ ಸಂಪರ್ಕಕ್ಕೆ, ಎರಡನೆಯ ಸಿಲಿಂಡರಿಗೆ ಅಥವಾ ವಿಳಾಸ ಬದಲಾವಣೆಗೆ ಅರ್ಜಿ ಸಲ್ಲಿಸುವವರು ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

ಬದಲಾದ ಬಚ್ಚಲುಮನೆ

ಈ ಭಾಗದ ಹಳೆಯ ಮನೆಗಳಲ್ಲಿ ನೀರು ಕಾಯಿಸಲು ಹಂಡೆ ಮತ್ತು ಸೌದೆ ಒಲೆ ಬಳಕೆಯಲ್ಲಿದ್ದವು. ಆ ಒಲೆಯಲ್ಲಿಯೂ ವಿಷಾನಿಲ ಉತ್ಪತ್ತಿಯಾಗುತ್ತಿತ್ತು. ಆದರೆ ಅದರೊಂದಿಗೆ ಬರುತ್ತಿದ್ದ ಹೊಗೆಯು ಕಣ್ಣು ಉರಿಸಿ, ಕೆಮ್ಮು ತರಿಸಿ, ಮನುಷ್ಯನನ್ನು ಹೊರಗೆ ಅಟ್ಟುತ್ತಿತ್ತು. ಹೆಂಚಿನ ಸಂದುಗಳು ಮತ್ತು ಹೊಗೆಗಂಡಿಯ ಮೂಲಕ ಗಾಳಿ ಸದಾ ಆಡುತ್ತಿತ್ತು.

ಈಗಿನ ತಾರಸಿ ಮನೆಗಳ ಸ್ನಾನದ ಕೋಣೆ ಚಿಕ್ಕದು. ಕಿಟಕಿಯ ಬದಲಿಗೆ ಒಂದು ಗಾಜಿನ ಗವಾಕ್ಷಿಯಿದ್ದು, ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ಅದನ್ನೂ ಮುಚ್ಚಲಾಗುತ್ತದೆ. ವಿದ್ಯುತ್ ಇಲ್ಲದಿದ್ದರೂ ಎರಡು ಬ್ಯಾಟರಿಗಳ ಸಹಾಯದಿಂದ ಹೊತ್ತಿಕೊಂಡು ಕ್ಷಣಮಾತ್ರದಲ್ಲಿ ಬಿಸಿನೀರು ಕೊಡುವ ಗ್ಯಾಸ್ ಗೀಸರ್ ಇಂತಹ ಮನೆಗಳಿಗೆ ಅನುಕೂಲಕರವಾಗಿ ಕಂಡಿರುವುದು ಸಹಜ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉಜ್ವಲ ಯೋಜನೆ ಮೊದಲಾದವುಗಳಿಂದ ಅನಿಲ ಸಂಪರ್ಕವು ಹಳ್ಳಿಗಳನ್ನೂ ತಲುಪಿದೆ. ಹೊಗೆ ಹೋಯಿತು, ಹೊಗೆ ಕೊಡುತ್ತಿದ್ದ ಎಚ್ಚರಿಕೆಯೂ ಅದರೊಂದಿಗೆ ಹೋಯಿತು.

ಅಪಾಯದ ಸ್ವರೂಪ

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ಕಟುವಾಸನೆಯ ಮರ್‌ಕ್ಯಾಪ್ಟನ್ ಎಂಬ ರಾಸಾಯನಿಕವನ್ನು ಬೆರೆಸಲಾಗಿರುತ್ತದೆ. ಅನಿಲ ಉರಿದಾಗ ಆ ವಾಸನೆಯೂ ಉರಿದುಹೋಗುತ್ತದೆ. ಸಾಕಷ್ಟು ಗಾಳಿ ದೊರೆಯದೆ ಅನಿಲವು ಅರೆಬರೆಯಾಗಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆತವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುವುದರಿಂದ ಶರೀರಕ್ಕೆ ಆಮ್ಲಜನಕ ದೊರೆಯದಂತಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು ಇದರ ಮೊದಲ ಲಕ್ಷಣಗಳು. ಬಾಗಿಲು ತೆರೆಯಬೇಕೆಂದು ಹೊಳೆಯುವ ವೇಳೆಗೆ ಎದ್ದು ನಿಲ್ಲುವ ಶಕ್ತಿ ಉಳಿದಿರುವುದಿಲ್ಲ.

ಒಂದು ಸರಳ ಲೆಕ್ಕದಿಂದ ಇದನ್ನು ಮನಗಾಣಬಹುದು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 1 ಕಿಲೋಗ್ರಾಂ ಅನಿಲವನ್ನು ಉರಿಸುತ್ತದೆ. ಇದು ಅಡುಗೆ ಒಲೆಯ ನಾಲ್ಕೈದು ಬರ್ನರುಗಳಿಗೆ ಸಮ. 1 ಕಿಲೋಗ್ರಾಂ ಅನಿಲ ಪೂರ್ಣವಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಸ್ನಾನದ ಕೋಣೆಯಲ್ಲಿರುವ ಗಾಳಿಯೇ 7 ಘನ ಮೀಟರಿಗಿಂತ ಕಡಿಮೆ. ಗೀಸರ್ ಹತ್ತು ನಿಮಿಷ ಉರಿದರೆ 2 ಘನ ಮೀಟರ್ ಗಾಳಿ ವ್ಯಯವಾಗುತ್ತದೆ. ಒಬ್ಬರಾದ ಮೇಲೆ ಇನ್ನೊಬ್ಬರು ಸ್ನಾನ ಮಾಡಿದರೆ ಕೋಣೆಯ ಅರ್ಧಕ್ಕಿಂತ ಹೆಚ್ಚು ಗಾಳಿ ಬಳಕೆಯಾಗಿರುತ್ತದೆ. ಆದುದರಿಂದಲೇ ಇಂತಹ ಕೋಣೆಯಲ್ಲಿ ಎರಡನೆಯವರಾಗಿ ಸ್ನಾನಕ್ಕೆ ಹೋಗುವವರಿಗೆ ಅಪಾಯ ಹೆಚ್ಚು.

ಉರಿ ಹೊತ್ತಿದ ಮಾತ್ರಕ್ಕೆ ದುರಸ್ತಿ ಆದಂತಲ್ಲ

ಮಿಕ್ಸಿ ಅಥವಾ ಪಂಪ್‌ಸೆಟ್ ದುರಸ್ತಿಯಾದ ಬಳಿಕ ಅದು ಓಡಿದರೆ ಕೆಲಸ ಸರಿಯಾಗಿದೆ ಎಂದು ತಿಳಿಯಬಹುದು. ಗ್ಯಾಸ್ ಗೀಸರಿಗೆ ಈ ಅಳತೆಗೋಲು ಸಲ್ಲದು. ಉರಿ ಹೊತ್ತಿ ಬಿಸಿನೀರು ಬಂದರೂ ಅದೇ ಕ್ಷಣದಲ್ಲಿ ವಿಷಾನಿಲವೂ ಹೊರಬರುತ್ತಿರಬಹುದು. ಅರ್ಹ ತಂತ್ರಜ್ಞರಿಗೂ ಅರ್ಹತೆಯಿಲ್ಲದವರಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅರ್ಹತೆಯಿಲ್ಲದವರು ನೀರು ಬಿಸಿಯಾಯಿತೇ ಎಂದು ನೋಡುತ್ತಾರೆ. ಅರ್ಹರು ಉರಿದ ಅನಿಲ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾರೆ.

ಈ ಭಾಗದ ಮನೆಗಳಲ್ಲಿ ಗಮನಿಸಬೇಕಾದ ಕೆಲವು ದೋಷಗಳು ಹೀಗಿವೆ:

1. ನೀರಿನ ಒತ್ತಡ: ಒಂದಂತಸ್ತಿನ ಮನೆಯ ತಾರಸಿಯ ಮೇಲೆ ತಗ್ಗಿನಲ್ಲಿರುವ ಟ್ಯಾಂಕಿನಿಂದ ಒತ್ತಡ ಕಡಿಮೆ. ನೀರಿನ ಒತ್ತಡದಿಂದಲೇ ಅನಿಲದ ಕವಾಟ ತೆರೆಯುವುದರಿಂದ ಗೀಸರ್ ಹೊತ್ತಿಕೊಳ್ಳುವುದಿಲ್ಲ. ಆಗ ಒಳಗಿನ ರಬ್ಬರ್ ಡಯಾಫ್ರಂ ಅಥವಾ ಸ್ಪ್ರಿಂಗನ್ನು ತಿದ್ದಿ ಹೊತ್ತುವಂತೆ ಮಾಡಿದರೆ, ನಲ್ಲಿ ನಿಲ್ಲಿಸಿದ ಮೇಲೂ ಅನಿಲ ನಿಲ್ಲದಿರುವ ಸಂಭವವಿದೆ. ಟ್ಯಾಂಕನ್ನು ಎತ್ತರಿಸುವುದು ಅಥವಾ ಒತ್ತಡದ ಪಂಪ್ ಅಳವಡಿಸುವುದು ಸರಿಯಾದ ಪರಿಹಾರ.

2. ಗಡಸು ನೀರು: ಕೊಳವೆ ಬಾವಿಯ ಗಡಸು ನೀರಿನಿಂದ ತಾಮ್ರದ ಕೊಳವೆಗಳ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಹೊರಗೆ ರೆಕ್ಕೆಯಂತಿರುವ ತಗಡುಗಳ ನಡುವೆ ಮಸಿ ಸೇರಿದರೆ ಉರಿದ ಅನಿಲ ಮೇಲೇರಲು ದಾರಿಯಿಲ್ಲದಂತಾಗುತ್ತದೆ. ನೀಲಿಯಾಗಿರಬೇಕಾದ ಉರಿ ಹಳದಿಗೆ ತಿರುಗುವುದು, ಗೀಸರಿನ ಮೇಲ್ಭಾಗ ಕಪ್ಪಾಗುವುದು ಇದರ ಚಿಹ್ನೆಗಳು. ಉರಿ ನೀಲಿಯಾಗಿದ್ದರೂ ಮುಚ್ಚಿದ ಕೋಣೆ ಸುರಕ್ಷಿತವಲ್ಲ.

3. ರಕ್ಷಣಾ ಸಾಧನಗಳು: ಉರಿ ಆರಿದರೆ ಅನಿಲ ನಿಲ್ಲಿಸುವ ಸಾಧನ, ಸುಮಾರು 20 ನಿಮಿಷಗಳ ನಂತರ ತಾನಾಗಿ ಆರಿಸುವ ಸಾಧನ ಮೊದಲಾದವು ಹಲವು ಮಾದರಿಗಳಲ್ಲಿರುತ್ತವೆ. ಅವುಗಳನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸುವುದು ದುರಸ್ತಿಯಲ್ಲ.

4. ಕೊಳವೆ: ಅಡುಗೆಮನೆಯ ಸಿಲಿಂಡರಿನಿಂದ ಉದ್ದನೆಯ ರಬ್ಬರ್ ಕೊಳವೆಯನ್ನು ಗೋಡೆಯೊಳಗೆ ಹಾಯಿಸಿ ಬಚ್ಚಲಿಗೆ ಒಯ್ಯುವುದು ಅಪಾಯಕರ. ದೂರವಿದ್ದಲ್ಲಿ ಲೋಹದ ಕೊಳವೆಯನ್ನು ಬಳಸತಕ್ಕದ್ದು. ಸುರಕ್ಷಾ ಕೊಳವೆಯನ್ನು 5 ವರ್ಷಗಳಿಗೊಮ್ಮೆ ಬದಲಾಯಿಸತಕ್ಕದ್ದು.

ಅರ್ಹರು ಯಾರು?

ವಿದ್ಯುತ್ ಕೆಲಸಕ್ಕೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯವು ಗುತ್ತಿಗೆದಾರರಿಗೆ ಪರವಾನಗಿ ನೀಡುತ್ತದೆ. ಬ್ರಿಟನ್ ದೇಶದಲ್ಲಿ 2009ರ ಏಪ್ರಿಲ್ 1ರಿಂದ ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ನೋಂದಣಿ ಪದ್ಧತಿ ಜಾರಿಯಲ್ಲಿದ್ದು, ನೋಂದಣಿಯಿಲ್ಲದವರು ಮನೆಗಳ ಅನಿಲ ಉಪಕರಣಗಳನ್ನು ದುರಸ್ತಿ ಮಾಡುವುದನ್ನೇ ವೃತ್ತಿಯಾಗಿ ನಡೆಸುವಂತಿಲ್ಲ. ನಮ್ಮಲ್ಲಿ ಗ್ಯಾಸ್ ಗೀಸರ್ ದುರಸ್ತಿಗೆ ಇಂತಹ ಪ್ರತ್ಯೇಕ ಪರವಾನಗಿ ರೂಢಿಯಲ್ಲಿಲ್ಲ. ಈ ಕಾರಣದಿಂದ ಅರ್ಹತೆಯನ್ನು ಪರಿಶೀಲಿಸುವ ಹೊಣೆ ಬಹುಮಟ್ಟಿಗೆ ಗ್ರಾಹಕರ ಮೇಲೆಯೇ ಬೀಳುತ್ತದೆ.

ಇಲ್ಲಿ ಇಬ್ಬರ ಕೆಲಸವನ್ನು ಬೇರ್ಪಡಿಸಿ ತಿಳಿಯಬೇಕು. ಸಿಲಿಂಡರ್, ರೆಗ್ಯುಲೇಟರ್, ಕೊಳವೆ ಮತ್ತು ಒಲೆಯ ತಪಾಸಣೆ ಅನಿಲ ವಿತರಕರ ಮೆಕ್ಯಾನಿಕ್ ಅವರ ಕೆಲಸ. ಗೀಸರಿನ ಒಳಭಾಗದ ದುರಸ್ತಿ ತಯಾರಕರ ಅಧಿಕೃತ ಸೇವಾ ಕೇಂದ್ರದ ತಂತ್ರಜ್ಞರ ಕೆಲಸ. ಒಬ್ಬರು ಬಂದು ಹೋದ ಮಾತ್ರಕ್ಕೆ ಇನ್ನೊಬ್ಬರ ತಪಾಸಣೆ ಮುಗಿದಂತಾಗುವುದಿಲ್ಲ.

ಕೆಲಸ ಒಪ್ಪಿಸುವ ಮುನ್ನ ಗ್ರಾಹಕರು ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

1. ಕಂಪನಿ ಅಥವಾ ವಿತರಕರು ನೀಡಿದ ಭಾವಚಿತ್ರಸಹಿತ ಗುರುತಿನ ಚೀಟಿಯನ್ನು ತೋರಿಸುವರೇ?
2. ದೂರು ದಾಖಲಾದ ಸಂಖ್ಯೆ ಇದೆಯೇ? ಗೀಸರ್ ಜೊತೆ ಬಂದ ಪುಸ್ತಿಕೆಯಲ್ಲಿರುವ ದೂರವಾಣಿ ಸಂಖ್ಯೆಗೇ ಕರೆ ಮಾಡುವುದು ಉತ್ತಮ.
3. ಕೋಣೆಯ ಗಾಳಿಯ ವ್ಯವಸ್ಥೆಯನ್ನು ಪರಿಶೀಲಿಸುವರೇ? ಗೀಸರ್ ಸ್ನಾನದ ಕೋಣೆಯ ಒಳಗಿದ್ದಲ್ಲಿ ಅದನ್ನು ಹೊರಗಿನ ತೆರೆದ ಜಾಗಕ್ಕೆ ಸ್ಥಳಾಂತರಿಸಲು ತಿಳಿಸುವವರೇ ನಂಬಿಕೆಗೆ ಅರ್ಹರು.
4. ಕೆಲಸ ಮುಗಿದ ಮೇಲೆ ಎಲ್ಲ ಕೀಲುಗಳಿಗೂ ಸಾಬೂನು ನೀರು ಹಚ್ಚಿ ಸೋರಿಕೆ ಪರೀಕ್ಷಿಸುವರೇ? ಬೆಂಕಿಕಡ್ಡಿ ಗೀರಿ ಪರೀಕ್ಷಿಸುವವರನ್ನು ಕೂಡಲೇ ತಡೆಯತಕ್ಕದ್ದು.
5. ಬದಲಾಯಿಸಿದ ಬಿಡಿಭಾಗಗಳ ವಿವರವುಳ್ಳ ರಸೀದಿ ನೀಡುವರೇ?

ಹೊಸದಾಗಿ ಕೊಳ್ಳುವವರು ಭಾರತೀಯ ಮಾನಕ ಐಎಸ್ 15558ರ ಅನುಸಾರ ಐಎಸ್‌ಐ ಗುರುತು ಇರುವುದನ್ನು ನೋಡಿಕೊಳ್ಳಬೇಕು. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ದೂರದ ಸಮಸ್ಯೆ

ಅಧಿಕೃತ ಸೇವಾ ಕೇಂದ್ರಗಳು ಸಾಮಾನ್ಯವಾಗಿ ದೊಡ್ಡ ನಗರಗಳಲ್ಲಿರುತ್ತವೆ. ಜಿಲ್ಲಾ ಕೇಂದ್ರವಾದ ತುಮಕೂರು ಕೊರಟಗೆರೆಗೆ ಹತ್ತಿರ. ಪಾವಗಡವಾದರೋ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ತಂತ್ರಜ್ಞರು ಬರಲು ಎರಡು ಮೂರು ದಿನ ಹಿಡಿಯಬಹುದು. ಚಳಿಗಾಲದಲ್ಲಿ, ಮನೆಯಲ್ಲಿ ವೃದ್ಧರು, ಬಾಣಂತಿಯರು, ಮಕ್ಕಳಿರುವಾಗ, ಬೀದಿಯ ಕೊನೆಯ ಅಂಗಡಿಯವರನ್ನು ಕರೆದು ‘ಸದ್ಯಕ್ಕೆ’ ಸರಿಮಾಡಿಸುವ ಯೋಚನೆ ಬರುವುದು ಸ್ವಾಭಾವಿಕ. ಸ್ಥಳೀಯ ಕುಶಲಕರ್ಮಿಗಳ ಜಾಣ್ಮೆಯನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಅನಿಲದ ವಿಷಯದಲ್ಲಿ ತಾತ್ಕಾಲಿಕ ದುರಸ್ತಿ ಎಂಬುದು ಇರಲಾರದು. ಆ ಎರಡು ಮೂರು ದಿನ ರೆಗ್ಯುಲೇಟರ್ ಬಂದ್ ಮಾಡಿ, ಒಲೆಯ ಮೇಲೆ ನೀರು ಕಾಯಿಸಿಕೊಳ್ಳುವುದೇ ಸರಿ. ಒಂದೇ ಬಡಾವಣೆಯ ಅಥವಾ ಗ್ರಾಮದ ಹಲವು ಮನೆಯವರು ಸೇರಿ ಚಳಿಗಾಲಕ್ಕೆ ಮುನ್ನವೇ ವಾರ್ಷಿಕ ತಪಾಸಣೆಗೆ ದೂರು ದಾಖಲಿಸಿದಲ್ಲಿ ತಂತ್ರಜ್ಞರ ಒಂದೇ ಪ್ರವಾಸದಲ್ಲಿ ಎಲ್ಲರ ಕೆಲಸವೂ ಆಗಬಹುದು, ವೆಚ್ಚವೂ ಹಂಚಿಹೋಗಬಹುದು.

ಗೀಸರನ್ನು ಹೊರಗೆ ಸ್ಥಳಾಂತರಿಸುವವರೆಗೆ, ಮೊದಲು ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಲು ಬಿಟ್ಟು, ಆ ಮೇಲೆ ಸ್ನಾನಕ್ಕೆ ಹೋಗತಕ್ಕದ್ದು. ಸೋರಿಕೆ ಪತ್ತೆಮಾಡುವ ಸಾಮಾನ್ಯ ಗ್ಯಾಸ್ ಅಲಾರಂ ಕಾರ್ಬನ್ ಮಾನಾಕ್ಸೈಡನ್ನು ಗುರುತಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ಸೂಚಕ ಸಾಧನ ಬೇಕು.

ವಿಮೆ ಮತ್ತು ಗ್ರಾಹಕರ ಹಕ್ಕು

ಸಾರ್ವಜನಿಕ ವಲಯದ ತೈಲ ಕಂಪನಿಗಳ ವಿಮೆಯಲ್ಲಿ ಮರಣ ಸಂಭವಿಸಿದಲ್ಲಿ ಪ್ರತಿ ವ್ಯಕ್ತಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಪ್ರತಿ ವ್ಯಕ್ತಿಗೆ ಗರಿಷ್ಠ 2 ಲಕ್ಷ ರೂಪಾಯಿ, ನೋಂದಾಯಿತ ವಿಳಾಸದಲ್ಲಿ ಆಸ್ತಿ ಹಾನಿಗೆ ಗರಿಷ್ಠ 2 ಲಕ್ಷ ರೂಪಾಯಿಗಳ ಪರಿಹಾರಕ್ಕೆ ಅವಕಾಶ ಕಲ್ಪಿಸಲಾಗಿದೆ. ಮನೆ ಬದಲಾಯಿಸಿದವರು ವಿತರಕರಲ್ಲಿ ವಿಳಾಸವನ್ನು ತಪ್ಪದೆ ಬದಲಾಯಿಸಿಕೊಳ್ಳಬೇಕು ಎನ್ನುವುದು ಇದೇ ಕಾರಣಕ್ಕೆ. ಆದರೆ ಈ ವಿಮೆಯು ಅಡುಗೆ ಅನಿಲವೇ ಪ್ರಧಾನ ಕಾರಣವಾದ ಬೆಂಕಿ ಅವಘಡಗಳನ್ನು ಉದ್ದೇಶಿಸಿದ್ದು. ಬೆಂಕಿಯೇ ಇಲ್ಲದೆ ಪ್ರಾಣ ತೆಗೆಯುವ ವಿಷಾನಿಲದ ವಿಷಯದಲ್ಲಿ ವಿಮೆಯನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಹಣ ಪಡೆದು ಮಾಡಿದ ದುರಸ್ತಿಯಲ್ಲಿ ಲೋಪವಿದ್ದರೆ ಅದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ಸೇವಾ ನ್ಯೂನತೆ. ಎರಡು ವರ್ಷಗಳ ಒಳಗೆ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿಲ್ಲ. ದೂರನ್ನು ‘ಇ-ಜಾಗೃತಿ’ ಜಾಲತಾಣದ ಮೂಲಕವೂ ಸಲ್ಲಿಸಲು ಅವಕಾಶವಿದೆ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ರಸೀದಿಯಿಲ್ಲದೆ ಮಾಡಿಸಿದ ಕೆಲಸಕ್ಕೆ ದೂರು ಸಾಬೀತುಪಡಿಸುವುದು ಕಷ್ಟ.

ತುರ್ತು ಸಂದರ್ಭದಲ್ಲಿ

ಸ್ನಾನಕ್ಕೆ ಹೋದವರು ಕರೆದರೂ ಉತ್ತರಿಸದಿದ್ದಲ್ಲಿ ಕಾಯದೆ ಬಾಗಿಲು ತೆರೆಯಬೇಕು. ಅವರನ್ನು ತೆರೆದ ಗಾಳಿಗೆ ತಂದು, ರೆಗ್ಯುಲೇಟರ್ ಬಂದ್ ಮಾಡಿ, 108ಕ್ಕೆ ಕರೆ ಮಾಡಬೇಕು. ಉಸಿರಾಟ ನಿಂತಿದ್ದಲ್ಲಿ ತಿಳಿದವರು ಕೃತಕ ಉಸಿರಾಟ ನೀಡಬೇಕು. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂಬುದನ್ನು ಮೊದಲಿಗೇ ತಿಳಿಸತಕ್ಕದ್ದು. ಇಲ್ಲವಾದರೆ ಮೂರ್ಛೆರೋಗವೆಂದೋ ಹೃದಯಾಘಾತವೆಂದೋ ಭಾವಿಸುವ ಸಾಧ್ಯತೆಯಿದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷಪ್ರಾಶನದಲ್ಲಿಯೂ ಆಮ್ಲಜನಕ ಸರಿಯಾಗಿದೆ ಎಂದೇ ತೋರಿಸುವುದರಿಂದ ಅದನ್ನು ನಂಬಿ ಮನೆಯಲ್ಲಿ ಉಳಿಯಬಾರದು. ಅನಿಲ ಸೋರಿಕೆಯ ವಾಸನೆ ಬಂದಲ್ಲಿ ವಿದ್ಯುತ್ ಸ್ವಿಚ್‌ಗಳನ್ನು ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಈ ಸಹಾಯವಾಣಿಯು ದಿನದ 24 ಗಂಟೆಯೂ ಕಾರ್ಯನಿರ್ವಹಿಸುತ್ತದೆ.

ಉಪಸಂಹಾರ

ಅರ್ಹ ತಂತ್ರಜ್ಞರನ್ನು ಕರೆಸುವುದಕ್ಕೆ ಖರ್ಚು ಮತ್ತು ಕಾಯುವಿಕೆ ಎರಡೂ ಉಂಟು. ಆದರೆ ಮೇಲಿನ ಪ್ರಕರಣಗಳಲ್ಲಿ ಶಂಕಿಸಲಾದ ಅನಿಲವು ಕಾಣಿಸದ, ವಾಸನೆಯಿಲ್ಲದ ಅನಿಲ. ಅದನ್ನು ಮನೆಯವರು ತಾವಾಗಿ ಪತ್ತೆಮಾಡಲಾರರು. ಮನೆಯವರ ಕೈಯಲ್ಲಿರುವುದು ಮೂರು ನಿರ್ಧಾರಗಳು: ಗೀಸರನ್ನು ಎಲ್ಲಿ ಇರಿಸಬೇಕು, ಅದಕ್ಕೆ ಕೈಹಚ್ಚಲು ಯಾರಿಗೆ ಒಪ್ಪಿಗೆ ಕೊಡಬೇಕು, ಮತ್ತು ಅವರು ಬರುವವರೆಗೆ ಅದನ್ನು ಬಳಸದೆ ಇರಬೇಕು ಎಂಬುದು. ಬಾಡಿಗೆ ಮನೆಗಳಲ್ಲಿ ಈ ನಿರ್ಧಾರದ ಹೊಣೆ ಮಾಲೀಕರ ಮೇಲೂ ಇರುತ್ತದೆ. ನಾಲ್ಕೂ ತಾಲ್ಲೂಕುಗಳ ನಾಗರಿಕರು ಈ ಮಾಹಿತಿಯನ್ನು ಗಮನಿಸಿ, ಮನೆಯ ಹಿರಿಯರಿಗೂ ನೆರೆಹೊರೆಯವರಿಗೂ ತಿಳಿಸಿ ಸಹಕರಿಸಬೇಕೆಂದು ಕೋರಲಾಗಿದೆ.