ಅಭ್ಯಾಸವಾಗಿಬಿಡುತ್ತದೆ ಎಂಬ ನಂಬಿಕೆ

ಅಗ್ನಿಶಾಮಕ ಠಾಣೆಗೆ ಹೊಸದಾಗಿ ಸೇರಿದ ಹುಡುಗ ಮೊದಲ ಸಲ ಬಾವಿಯಿಂದ ಹೆಣ ಎತ್ತಿ ಬಂದ ದಿನ ತಟ್ಟೆಯ ಮುಂದೆ ಸುಮ್ಮನೆ ಕೂತರೆ ಹಿರಿಯರು ಹೇಳುವುದು ಒಂದೇ ಮಾತು: ‘ಅಭ್ಯಾಸ ಆಗ್ಬಿಡುತ್ತೆ ಬಿಡೋ.’ ಆ ಮಾತಿನಲ್ಲಿ ಪ್ರೀತಿಯಿದೆ; ಅವರಿಗೂ ಒಂದು ಕಾಲಕ್ಕೆ ಯಾರೋ ಹೀಗೆಯೇ ಸಮಾಧಾನ ಹೇಳಿದ್ದಾರು. ಅದರಲ್ಲಿ ಅರ್ಧ ಸತ್ಯವೂ ಇದೆ. ತೊಂದರೆಯಿರುವುದು ಉಳಿದರ್ಧದಲ್ಲಿ. ಮನಸ್ಸು ತಾನಾಗಿಯೇ ಗಟ್ಟಿಯಾಗುತ್ತದೆ, ಆಗದವನು ಈ ಕೆಲಸಕ್ಕೆ ಲಾಯಕ್ಕಲ್ಲ ಎಂಬ ತೀರ್ಮಾನಕ್ಕೆ ಅದು ದಾರಿ ಮಾಡಿಕೊಡುತ್ತದೆ. ಭೀಕರ ಕರೆಗಳು ಮನಸ್ಸಿಗೆ ಮಾಡುವ ಗಾಯವನ್ನು ಕೆಲಸದಲ್ಲಿ ಆದ ಗಾಯವೆಂದೇ ನೋಡಬೇಕು ಎಂಬುದು ನನ್ನ ವಾದ. ಸುಟ್ಟ ಕೈಗೆ ಯಾರು ಹೊಣೆಯೋ ಕೆಟ್ಟ ನಿದ್ದೆಗೂ ಅವರೇ ಹೊಣೆ.

ಅಗ್ನಿಶಾಮಕದವರೆಂದರೆ ಬೆಂಕಿ ಆರಿಸುವವರು ಎಂದಷ್ಟೇ ಹೆಚ್ಚಿನವರು ತಿಳಿದಿದ್ದಾರೆ. ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿ ‘ತುರ್ತು ಸೇವೆಗಳು’ ಎಂಬುದೂ ಸೇರಿದೆ. ಕೆರೆಯಲ್ಲಿ ಮುಳುಗಿದವರನ್ನು ಹುಡುಕುವುದು, ನಜ್ಜುಗುಜ್ಜಾದ ಲಾರಿಯ ಕ್ಯಾಬಿನ್ ಕತ್ತರಿಸಿ ಚಾಲಕನನ್ನು ಎಳೆಯುವುದು, ಕುಸಿದ ಕಟ್ಟಡದಡಿ ತೆವಳುವುದು, ಎಲ್ಲವೂ ಅವರ ಪಾಲಿನ ಕೆಲಸ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಬಿದ್ದು 19 ಜನ ಸತ್ತಾಗ ಕಾಂಕ್ರೀಟಿನ ಅವಶೇಷದ ನಡುವೆ ಶೋಧ ದಿನಗಟ್ಟಲೆ ನಡೆಯಿತು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಹೊರತೆಗೆದಾಗ ನಾಡೇ ನೆಮ್ಮದಿಯ ನಿಟ್ಟುಸಿರು ಬಿಟ್ಟಿತು. ಅದಕ್ಕೂ ಏಳು ವರ್ಷ ಹಿಂದೆ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಹೀಗೆಯೇ ಬಿದ್ದ ಬಾಲಕಿಗಾಗಿ ಎರಡು ದಿನ ಅಗೆದರೂ ಅವಳು ಬದುಕಿ ಬರಲಿಲ್ಲ. ಅಗೆದ ಕೈಗಳು ಅಲ್ಲಿಯೂ ಕಡಿಮೆ ದುಡಿದಿರಲಿಲ್ಲ. ಗೆದ್ದಾಗ ಸಿಗುವ ಚಪ್ಪಾಳೆ ಆಯಾಸವನ್ನು ಕಳೆಯುತ್ತದೆ. ಸೋತಾಗ ಆಯಾಸ ಹಾಗೆಯೇ ಮನೆಗೆ ಬರುತ್ತದೆ.

ಹಾಗಾದರೆ ಅಭ್ಯಾಸವಾಗುವುದು ಯಾವುದು? ಏಣಿಯ ಎತ್ತರ, ಹೊಗೆಯ ಕತ್ತಲು, ಬಿಎ ಸೆಟ್ ಎಂಬ ಉಸಿರಾಟದ ಸಾಧನ ಹಾಕಿಕೊಂಡು ಉಸಿರಾಡುವ ಬಗೆ. ದಿನವೂ ಮಾಡುವ ಡ್ರಿಲ್‌ನಿಂದ ಇವು ಮೈಗೂಡುತ್ತವೆ. ಇದೇ ಆ ಮಾತಿನ ಅರ್ಧ ಸತ್ಯ. ಆದರೆ ಹಳ್ಳಿಯ ಬಾವಿಕಟ್ಟೆಯನ್ನು ನೆನೆಸಿಕೊಳ್ಳಿ. ತಳ ತಡಕುವ ಕೊಕ್ಕೆಗಳ ಪಾತಾಳಗರುಡ ಇಳಿಬಿಟ್ಟು ಹಗ್ಗ ಹಿಡಿದವನ ಕೈಗೆ ಏನೋ ತೊಡರಿದ್ದು ಮೊದಲು ಗೊತ್ತಾಗುತ್ತದೆ. ಸುತ್ತ ನಿಂತ ನೂರು ಜನರಿಗಿಂತ ಮುಂಚೆ, ಹೆತ್ತ ತಾಯಿಗಿಂತ ಮುಂಚೆ, ಅವನೊಬ್ಬನಿಗೆ ಗೊತ್ತಾಗುತ್ತದೆ. ಹಗ್ಗ ಮೇಲೆ ಬರುವವರೆಗೂ ಅವನು ಮುಖದಲ್ಲಿ ಏನನ್ನೂ ತೋರಿಸುವಂತಿಲ್ಲ. ತಾಲ್ಲೂಕು ಠಾಣೆಗಳಲ್ಲಾದರೆ ಮೇಲೆ ಬಂದ ಮುಖ ಪರಿಚಯದ್ದೇ ಆಗಿರಬಹುದು, ಅಥವಾ ತನ್ನ ಮಗನ ವಯಸ್ಸಿನದ್ದು. ಈ ಗಳಿಗೆಗೆ ಯಾವ ಡ್ರಿಲ್ಲೂ ಇಲ್ಲ.

ಕೆಲವರಲ್ಲಿ ಇಂಥ ಗಳಿಗೆಗಳ ನೆನಪು ಬೇರೆ ನೆನಪುಗಳಂತೆ ಕ್ರಮೇಣ ಮಾಸುವುದಿಲ್ಲ. ಒಂದು ವಾಸನೆ, ಒಂದು ಕೂಗು, ಮನೆಯಲ್ಲಿ ಒಗ್ಗರಣೆ ಸೀದ ಹೊಗೆ ಸಾಕು, ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಅಪಾಯ ಮುಗಿದಿದೆ ಎಂದು ಬುದ್ಧಿ ಹೇಳಿದರೂ ಮೈ ನಂಬುವುದಿಲ್ಲ. ಅಮೆರಿಕದ ಮನೋವೈದ್ಯ ಸಂಘ ಈ ಸ್ಥಿತಿಯನ್ನು ಆಘಾತೋತ್ತರ ಒತ್ತಡದ ಕಾಯಿಲೆಯೆಂದು ತನ್ನ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅಂದು ಬಂಧುಗಳನ್ನು ಕಳೆದುಕೊಂಡವರ ಶೋಕವನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿದರು. ಬಂಧುಗಳ ದುಃಖಕ್ಕೆ ಸಂಬಂಧದ ಹೆಸರಿದೆ, ಸೂತಕವಿದೆ, ತಿಥಿಯಿದೆ. ಹೆಣ ಎತ್ತಿದವನಿಗೆ ಅಳುವ ಹಕ್ಕು ಕೊಡುವ ಯಾವ ಸಂಬಂಧವೂ ಇಲ್ಲ.

ಮೇಲಿಂದ ಮೇಲೆ ಕಂಡರೆ ಮನಸ್ಸು ಒಗ್ಗಿಕೊಳ್ಳುತ್ತದೆ ಎನ್ನುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದಲ್ಲಿ 2017ರಲ್ಲಿ ಕರ್ತವ್ಯದ ಮೇಲಿದ್ದಾಗ ಸತ್ತ ಅಗ್ನಿಶಾಮಕರು 93. ಆತ್ಮಹತ್ಯೆ ಮಾಡಿಕೊಂಡವರು ಕನಿಷ್ಠ 103 ಎಂದು ರುಡರ್‌ಮನ್ ಫೌಂಡೇಶನ್‌ನ ವರದಿ ಲೆಕ್ಕ ಹಾಕಿತು. ಒಂದೊಂದು ಸಾವಿಗೂ ಕಾರಣ ಕರೆಗಳೇ ಎಂದು ಹೇಳಲಾಗದು. ಆದರೆ ಸಲಕರಣೆ, ಸಂಬಳ, ಸನ್ಮಾನ ಎಲ್ಲವೂ ಇದ್ದ ದೇಶದಲ್ಲೂ ‘ಅಭ್ಯಾಸ’ ಕೈ ಹಿಡಿಯಲಿಲ್ಲ ಎಂಬುದಂತೂ ಸ್ಪಷ್ಟ.

ಇಷ್ಟು ಹೇಳಿದ ಮೇಲೆ ಎದುರು ವಾದಕ್ಕೂ ನ್ಯಾಯ ಸಲ್ಲಬೇಕು. ಬಾವಿಗಿಳಿದವರೆಲ್ಲ ರೋಗಿಗಳಲ್ಲ. ದೊಡ್ಡ ದುರಂತದ ನಂತರ ಕೆಲವು ರಾತ್ರಿ ನಿದ್ದೆ ಬಾರದಿರುವುದು, ಅದೇ ದೃಶ್ಯ ಕಣ್ಣಿಗೆ ಕಟ್ಟುವುದು, ಸಣ್ಣದಕ್ಕೂ ಸಿಡುಕುವುದು ಸಹಜ. ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ಒಂದು ತಿಂಗಳು ಕಳೆದರೂ ಇಳಿಯದಿದ್ದರೆ, ಘಟನೆ ನಡೆದ ರಸ್ತೆಯನ್ನೇ ತಪ್ಪಿಸಿ ಓಡಾಡುವಂತಾದರೆ, ಹೆಂಡತಿ ಮಕ್ಕಳ ಮೇಲೂ ಏನೂ ಅನ್ನಿಸದ ಮರಗಟ್ಟುವಿಕೆ ಬಂದರೆ ಆಗ ವೈದ್ಯರು ಬೇಕು. ಆ ನೆನಪನ್ನೇ ಹಂತಹಂತವಾಗಿ ಎದುರಿಸಲು ಕಲಿಸುವ ಮನೋಚಿಕಿತ್ಸೆಗಳಿವೆ. ಅವು ಹಲವರಿಗೆ ಗುಣ ಕೊಡುತ್ತವೆ.

ಎಲ್ಲರನ್ನೂ ಕೂರಿಸಿ ಮಾತಾಡಿಸಿಬಿಟ್ಟರೆ ಸಾಕು ಎಂಬ ಉತ್ಸಾಹವೂ ತಪ್ಪು ದಾರಿಯೇ. ಹಿಂದೆ ಸ್ವತಃ ಅಗ್ನಿಶಾಮಕರಾಗಿದ್ದ ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಇಂಥದೊಂದು ವಿಧಾನ ರೂಪಿಸಿದರು: ಘಟನೆ ನಡೆದ ಕೆಲವೇ ದಿನಗಳೊಳಗೆ ತಂಡವನ್ನು ಕೂರಿಸಿ, ಕಂಡದ್ದನ್ನು, ಅನ್ನಿಸಿದ್ದನ್ನು ಹೇಳಿಸುವುದು. ಅದು ಲೋಕವೆಲ್ಲ ಹಬ್ಬಿತು. ಮುಂದೆ ಅಪಘಾತದ ಸಂತ್ರಸ್ತರು, ಸುಟ್ಟ ಗಾಯದವರು ಮುಂತಾದವರ ಮೇಲೆ ಒಂದೇ ಬೈಠಕ್‌ನ ಇಂಥ ಪ್ರಯೋಗಗಳನ್ನು ಪರೀಕ್ಷಿಸಿದಾಗ ಅವು ಕಾಯಿಲೆಯನ್ನು ತಡೆಯಲಿಲ್ಲ. ಕೆಲವರಿಗೆ ಹಾನಿಯನ್ನೇ ಮಾಡಿದವು. ಗಾಯ ಹೆಪ್ಪುಗಟ್ಟುವ ಮೊದಲೇ ಕೆದಕಿದರೆ ಆಗುವುದು ಅದೇ. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸರಳವಾದದ್ದು: ಊಟ, ವಿಶ್ರಾಂತಿ, ತನ್ನವರ ಜೊತೆ, ಮಾತಾಡಬೇಕೆನಿಸಿದರೆ ಕೇಳುವ ಕಿವಿ, ಬೇಡವೆನಿಸಿದರೆ ಒತ್ತಾಯವಿಲ್ಲ.

ಹಾಗೆಂದರೆ ಬಹುಪಾಲು ಕೆಲಸ ಠಾಣೆಯಲ್ಲಿಯೇ ಆಗಬೇಕು. ಕರೆಯಿಂದ ಹಿಂತಿರುಗಿದ ಮೇಲೆ ಹೋಸ್ ಪೈಪ್ ತೊಳೆದು ಒಣಹಾಕುತ್ತಾರೆ, ಸಿಲಿಂಡರ್ ತುಂಬಿಸುತ್ತಾರೆ, ಟ್ಯಾಂಕಿಗೆ ನೀರು ಹಿಡಿಯುತ್ತಾರೆ, ವರದಿಯಲ್ಲಿ ಎಷ್ಟು ಆಸ್ತಿ ನಷ್ಟ, ಎಷ್ಟು ಉಳಿಯಿತು ಎಂದು ಬರೆಯುತ್ತಾರೆ. ಇದೇ ಶಿಸ್ತಿನಲ್ಲಿ ಠಾಣಾಧಿಕಾರಿ ಕರೆಗೆ ಹೋಗಿ ಬಂದವರ ಮೇಲೂ ಒಂದು ಕಣ್ಣಿಡಬೇಕು. ಮಕ್ಕಳ ಸಾವಿನ ಕರೆಗೆ ಹೋದವನನ್ನು ಮರುದಿನವೇ ಅಂಥದ್ದಕ್ಕೆ ಕಳಿಸದಿರುವುದು, ವಾರ ಬಿಟ್ಟು, ತಿಂಗಳು ಬಿಟ್ಟು ‘ನಿದ್ದೆ ಹೇಗಿದೆಯಪ್ಪಾ?’ ಎಂದು ಕೇಳುವುದು, ರಾತ್ರಿ ಕಳೆಯಲು ಕ್ವಾರ್ಟರ್ ಬಾಟಲಿ ಹಿಡಿದವನನ್ನು ಗುರುತಿಸುವುದು. ಕುಡಿದರೆ ನಿದ್ದೆ ಬೇಗ ಹತ್ತಬಹುದು. ಅದು ಅರೆಬರೆ ನಿದ್ದೆ, ನೆನಪು ಕರಗದ ನಿದ್ದೆ.

ಇದನ್ನೆಲ್ಲ ಒಳ್ಳೆಯ ಅಧಿಕಾರಿಯ ದೊಡ್ಡ ಮನಸ್ಸಿಗೆ ಬಿಟ್ಟರೆ ನಡೆಯುವುದಿಲ್ಲ, ನಿಯಮವಾಗಬೇಕು. ಚಿಕಿತ್ಸೆಗೆ ಹೋದ ಸಂಗತಿ ಸೇವಾ ಪುಸ್ತಕ ಸೇರಿ ಬಡ್ತಿಗೆ ಅಡ್ಡಬರುವುದಿಲ್ಲ ಎಂಬ ಲಿಖಿತ ಭರವಸೆ ಬೇಕು. ‘ಮೆಂಟಲ್’ ಎಂಬ ಹಣೆಪಟ್ಟಿಯ ಭಯ ಇರುವವರೆಗೂ ಯಾರೂ ಬಾಯಿ ಬಿಡುವುದಿಲ್ಲ. ನಮಗೆ ಸೌಕರ್ಯದ ಕೊರತೆಯೆಂದು ನೆಪ ಹೇಳುವಂತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. 2022ರಿಂದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ನಾಗರಿಕರ ಪಾಲೂ ಇದೆ. ವಾಹನ ಬಂದು ನಿಂತ ಕೂಡಲೇ ‘ಈಗ ಬಂದ್ರಾ?’ ಎಂದು ಕೂಗುವ ನಾವು, ಆ ವಾಹನಕ್ಕೆ ದಾರಿ ಬಿಡದವರೂ ಹೌದು. ‘ಇನ್ನೈದು ನಿಮಿಷ ಮೊದಲು ಬಂದಿದ್ದರೆ’ ಎಂಬ ಕೊರಗು ಅಗ್ನಿಶಾಮಕನನ್ನು ಮೊದಲೇ ತಿನ್ನುತ್ತಿರುತ್ತದೆ. ಅವನು ಹೆಣ ಎತ್ತುವುದನ್ನು ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರೆ ಆ ಗಳಿಗೆಯನ್ನು ಅವನು ಮತ್ತೆ ಮತ್ತೆ ನೋಡಬೇಕಾಗುತ್ತದೆ.

1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಹಡಗು ಸ್ಫೋಟಗೊಂಡು 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಪ್ರತಿವರ್ಷ ಅದೇ ದಿನಾಂಕದಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಹುತಾತ್ಮರಿಗೆ ಹೂಗುಚ್ಛ, ಶಾಲೆಗಳಲ್ಲಿ ಪ್ರಾತ್ಯಕ್ಷಿಕೆ, ಕರಪತ್ರ. ಆ ವಾರದಲ್ಲಿ ಒಂದು ದಿನವನ್ನಾದರೂ ಬದುಕಿರುವ ಸಿಬ್ಬಂದಿಯ ಮಾನಸಿಕ ಆರೋಗ್ಯ ತಪಾಸಣೆಗೆ ಮೀಸಲಿಡಲಿ. ಸತ್ತವರಿಗೆ ಗೌರವ ಸಲ್ಲಿಸಲು ಗೊತ್ತಿರುವ ಸರ್ಕಾರ, ಬದುಕಿ ಮನೆಗೆ ಹೋಗುವವರ ನಿದ್ದೆಯ ಹೊಣೆಯನ್ನೂ ಹೊರಲಿ.