ಸುಮ್ಮನೆ ಎಸೆದ ಕಾಗದಗಳು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪೇಟೆಯಲ್ಲಿ ಎದುರಾದವಳು ಮುಖ ತಿರುಗಿಸಿಕೊಂಡು ಹೋದಳು. ಯಾಕೆಂದು ಅವಳ ತಾಯಿಯಿಂದ ಆಮೇಲೆ ತಿಳಿಯಿತು. ಹಾಸ್ಟೆಲ್ ಸೀಟಿಗೆ ನಡತೆ ಪ್ರಮಾಣಪತ್ರ ಬೇಕೆಂದು ನನ್ನ ಶಾಲೆಯ ವಿಳಾಸಕ್ಕೆ ಮೂರು ಸಲ ಇ-ಮೇಲ್ ಬರೆದಿದ್ದಳಂತೆ. ಉತ್ತರವಿಲ್ಲ. ಕೊನೆಯ ದಿನ ಕಳೆಯಿತು, ಸೀಟು ಹೋಯಿತು. ಟೀಚರ್ ತನ್ನನ್ನು ಮರೆತರು ಎಂದುಕೊಂಡಿದ್ದಾಳೆ. ನನಗೋ, ಒಂದು ಕಾಗದವೂ ಬಂದಿರಲಿಲ್ಲ.

ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ಏನೋ ತೆಗೆದು ನೋಡಿ ಹೇಳಿದ: “ಸರ್ವರ್ ಅವನ್ನ ಸ್ಪ್ಯಾಮ್ ಅಂತ ಎಸೆದುಬಿಟ್ಟಿದೆ, ಮೇಡಂ.”

“ಅವಳಿಗೆ ತಿಳಿಸಬೇಡವೇನಪ್ಪ?”

“ಇಲ್ಲ, ಸುಮ್ಮನೆ ಎಸೆಯುತ್ತೆ.”

ಈ ‘ಸುಮ್ಮನೆ’ಗೇ ನನ್ನ ತಕರಾರು.

ಬೇಡದ ಪತ್ರಗಳ ಕಾಟ ಸುಳ್ಳೆನ್ನುವುದಿಲ್ಲ. 1978ರಲ್ಲಿ ಅಮೆರಿಕದ ಗ್ಯಾರಿ ಥುರ್ಕ್ ಎಂಬಾತ ತನ್ನ ಕಂಪನಿಯ ಜಾಹೀರಾತನ್ನು ಸುಮಾರು 400 ಜನಕ್ಕೆ ಒಟ್ಟಿಗೇ ಕಳಿಸಿದಂದಿನಿಂದ ಹತ್ತಿದ ಪೀಡೆ ಅದು. ಲಾಟರಿ ಹೊಡೆದಿದೆ ಎನ್ನುವವರು, ಬ್ಯಾಂಕಿನ ಗುಟ್ಟು ಕೇಳುವವರು, ಯಾರಿಗೆ ಬೇಕು? ಜರಡಿ ಬೇಕೇ ಬೇಕು. ಸ್ಪ್ಯಾಮ್‌ಅಸಾಸಿನ್ ಎಂಬ ಪ್ರಸಿದ್ಧ ಜರಡಿಯಂತೂ ನಮ್ಮ ಹಾಗೆಯೇ ಅಂಕ ಹಾಕುತ್ತದೆ. ಅನುಮಾನದ ಒಂದೊಂದು ಲಕ್ಷಣಕ್ಕೂ ಇಷ್ಟಿಷ್ಟು. ಸಾಮಾನ್ಯವಾಗಿ ಒಟ್ಟು 5 ಮುಟ್ಟಿದರೆ ಸ್ಪ್ಯಾಮ್ ಎಂಬ ಗುರುತು. ಆದರೆ ಅದು ಹಾಕುವುದು ಗುರುತನ್ನು ಮಾತ್ರ. ಎಸೆಯಬೇಕೋ, ಬೇರೆ ಪೆಟ್ಟಿಗೆಯಲ್ಲಿ ಇಡಬೇಕೋ ಎಂದು ಗೊತ್ತುಮಾಡುವವರು ಸರ್ವರ್ ನಡೆಸುವ ಮನುಷ್ಯರು. ‘ಕಂಪ್ಯೂಟರ್ ಮಾಡಿತು’ ಎಂದು ಕೈತೊಳೆದುಕೊಂಡರೆ ನಾನು ಒಪ್ಪಲಾರೆ. ಇಷ್ಟು ವರ್ಷ ಉತ್ತರ ಪತ್ರಿಕೆ ತಿದ್ದಿದ್ದೇನೆ. ಕಡಿಮೆ ಅಂಕ ಬಂತೆಂದು ಯಾವ ಹುಡುಗಿಯ ಪತ್ರಿಕೆಯನ್ನೂ ಒಲೆಗೆ ಹಾಕಿಲ್ಲ. ಫೇಲಾದವಳಿಗೂ ಫೇಲೆಂದು ಹೇಳಿ ಕಳಿಸಿದ್ದೇನೆ.

ಇ-ಮೇಲಿನ ನಿಯಮಗಳಲ್ಲೂ ಇದಕ್ಕೆ ದಾರಿಯಿದೆ. ಕಾಗದ ತಂದ ಸರ್ವರ್ ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ 550 ಎಂಬ ಸಂಕೇತ ಕೊಟ್ಟು ‘ಬೇಡ’ ಎನ್ನಬಹುದು. ಆಗ ಬರೆದವಳಿಗೆ ‘ನಿನ್ನ ಕಾಗದ ತಲುಪಲಿಲ್ಲ’ ಎಂಬ ಸುದ್ದಿ ಹೋಗುತ್ತದೆ. ಸದ್ದಿಲ್ಲದೆ ಎಸೆಯುವುದು ಬಹಳ ಅಪಾಯದ್ದು, ಮೋಸವೆಂದು ಬಲವಾದ ಖಾತ್ರಿಯಿದ್ದರೆ ಮಾತ್ರ ಹಾಗೆ ಮಾಡಬಹುದು ಎಂದು 2008ರ ನಿಯಮ ಪತ್ರವೇ ಎಚ್ಚರಿಸಿದೆ.

ಹುಡುಗ ಸುಮ್ಮನಾಗಲಿಲ್ಲ. “ಸ್ಪ್ಯಾಮ್ ಕಳಿಸೋರು ಯಾರದೋ ವಿಳಾಸ ಹಾಕಿರ್ತಾರೆ ಮೇಡಂ, ವಾಪಸು ಕಳಿಸಿದ್ರೆ ಪಾಪದವರ ತಲೆಗೆ ಬೀಳುತ್ತೆ” ಎಂದ. ಮಾತು ನಿಜ, ಆದರೆ ಅದು ಒಳಗೆ ಬರಮಾಡಿಕೊಂಡು ಆಮೇಲೆ ವಾಪಸು ಅಟ್ಟಿದರೆ. ಹೊಸ್ತಿಲಲ್ಲೇ ಬೇಡವೆಂದರೆ ಆ ತೊಂದರೆ ಬಹುಮಟ್ಟಿಗೆ ಇಲ್ಲ. ಅಂಚೆಯಣ್ಣ ಕೂಡ ‘ವಿಳಾಸದಾರರು ಇಲ್ಲ’ ಎಂದು ಬರೆದು ಹಿಂದಕ್ಕೆ ಕಳಿಸುತ್ತಾನಲ್ಲ!

ಸರ್ವರ್ ಸರಿಪಡಿಸಿ ಎಂದು ಆಡಳಿತದವರಿಗೆ ಅರ್ಜಿ ಕೊಟ್ಟಿದ್ದೇನೆ, ಕಾಗದದ ಮೇಲೆ ಬರೆದು, ಸ್ವೀಕೃತಿಯ ಮೊಹರು ಒತ್ತಿಸಿಕೊಂಡು. ಆ ಹುಡುಗಿಯ ಮನೆಗೆ ಭಾನುವಾರ ನಾನೇ ಹೋಗಿದ್ದೆ. ಕಾಫಿ ಕೊಟ್ಟಳು, ಮಾತು ಇನ್ನೂ ಮೊದಲಿನಂತಿಲ್ಲ.