ತುಣುಕು ನಾದಕ್ಕೆ ಬೆಲೆಯಿರಲಿ, ಬೇಲಿ ಬೇಡ

ಒಬ್ಬರ ಹಾಡನ್ನು ಇನ್ನೊಬ್ಬರು ಹೊಸದಾಗಿ ಹಾಡಿ ಹೊರತರಲು ನಮ್ಮ ಕಾನೂನೇ ದಾರಿ ಮಾಡಿಕೊಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಸೆಕ್ಷನ್ ಪ್ರಕಾರ, ಹಾಡು ಮೊದಲು ಧ್ವನಿಮುದ್ರಣವಾಗಿ ಐದು ವರ್ಷ ಕಳೆದ ಮೇಲೆ, ಮುಂಚಿತವಾಗಿ ತಿಳಿಸಿ ರಾಯಧನ ಕಟ್ಟಿದವರು ಅದರ ಕವರ್ ಆವೃತ್ತಿ ಮಾಡಬಹುದು. ಹಕ್ಕುದಾರರು ಒಲ್ಲೆ ಎನ್ನುವಂತಿಲ್ಲ. ಆದರೆ ಮೂಲ ಧ್ವನಿಮುದ್ರಣದಿಂದಲೇ ಎರಡು ಸೆಕೆಂಡಿನ ತಬಲಾ ಪೆಟ್ಟನ್ನು ಕತ್ತರಿಸಿ ಹೊಸ ಹಾಡಿಗೆ ಬೆಸೆಯುವವರಿಗೆ, ಅಂದರೆ ಸ್ಯಾಂಪ್ಲಿಂಗ್ ಮಾಡುವವರಿಗೆ, ಅಂಥ ದಾರಿಯಿಲ್ಲ. ಇಡೀ ಹಾಡಿಗೆ ಸಿಗುವ ಸವಲತ್ತನ್ನು ಅದರ ಚೂರಿಗೆ ನಿರಾಕರಿಸುವುದು ಅನ್ಯಾಯ. ಸ್ಯಾಂಪ್ಲಿಂಗ್‌ಗೂ ಹಣ ಮತ್ತು ಹೆಸರು ಕಡ್ಡಾಯವಾಗಲಿ. ಅಪ್ಪಣೆ ಕಡ್ಡಾಯವಾಗುವುದು ಬೇಡ.

ಅಪ್ಪಣೆಯನ್ನೇ ಪಟ್ಟಾಗಿ ಹಿಡಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಉದಾಹರಣೆ ಕಣ್ಣೆದುರಿಗಿದೆ. 1980ರ ದಶಕದ ಹಿಪ್-ಹಾಪ್ ಕಲಾವಿದರು ಹಳೆಯ ರೆಕಾರ್ಡುಗಳ ಚೂರುಗಳನ್ನು ಪೋಣಿಸಿ ಹೊಸ ಸಂಗೀತವನ್ನೇ ಕಟ್ಟಿದರು. 1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಪ್ರಕರಣದಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಕಳ್ಳತನ ಕೂಡದೆಂಬ ಬೈಬಲ್ ಆಜ್ಞೆಯಿಂದಲೇ ತೀರ್ಪು ಆರಂಭಿಸಿದರು. 2005ರಲ್ಲಿ, ಸುಮಾರು ಎರಡು ಸೆಕೆಂಡಿನ ಗಿಟಾರ್ ನಾದದ ವ್ಯಾಜ್ಯದಲ್ಲಿ, ಮೇಲ್ಮನವಿ ನ್ಯಾಯಾಲಯವೊಂದು ಎಂಥ ಸಣ್ಣ ಚೂರಿಗೂ ಲೈಸೆನ್ಸ್ ಬೇಕೆಂದಿತು. ಮಡೋನಾ ಅವರ ‘ವೋಗ್’ ಹಾಡಿನಲ್ಲಿದ್ದ 0.23 ಸೆಕೆಂಡಿನ ತುತ್ತೂರಿ ನಾದದ ಬಗ್ಗೆ 2016ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಇದಕ್ಕೆ ತದ್ವಿರುದ್ಧ ತೀರ್ಪು ಕೊಟ್ಟಿತು. ಇಂಥ ಗೊಂದಲದಲ್ಲಿ ವಕೀಲರಿಗೆ ದುಡ್ಡು ಸುರಿಯಬಲ್ಲ ಕಂಪನಿಗಳು ಬದುಕುತ್ತವೆ, ಮನೆಯ ಕೋಣೆಯಲ್ಲಿ ಕೂತು ಹಾಡು ಕಟ್ಟುವ ಹುಡುಗ ಹೆದರಿ ಕೈಬಿಡುತ್ತಾನೆ. ಡಿ ಲಾ ಸೋಲ್ ತಂಡದ ಹೆಸರಾಂತ ಆಲ್ಬಂ 1989ರದು; ಸ್ಟ್ರೀಮಿಂಗ್ ವೇದಿಕೆಗಳಿಗೆ ಅದು ಬಂದದ್ದು 2023ರಲ್ಲಿ. ಸ್ಯಾಂಪಲ್‌ಗಳ ಹಕ್ಕಿನ ತೊಡಕು ಈ ವಿಳಂಬದ ಮುಖ್ಯ ಕಾರಣಗಳಲ್ಲೊಂದು.

ಪರರ ದುಡಿಮೆಯನ್ನು ಕೇಳದೆ ಎತ್ತಿಕೊಳ್ಳುವುದು ಕಳ್ಳತನವಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಅಮೆರಿಕದಲ್ಲಿ 2002ರಲ್ಲಿ ಬಂದ ‘ಅಡಿಕ್ಟಿವ್’ ಹಾಡಿನುದ್ದಕ್ಕೂ ಹಿಂದಿ ಚಿತ್ರ ‘ಜ್ಯೋತಿ’ಯ ಲತಾ ಮಂಗೇಶ್ಕರ್ ದನಿ ಕೇಳುತ್ತದೆ. ಸಂಗೀತ ಸಂಯೋಜಕ ಬಪ್ಪಿ ಲಹರಿ ಅವರ ಹೆಸರೇ ಅದರಲ್ಲಿರಲಿಲ್ಲ. ಹೆಸರು ಹಾಕದೆ ಸಿ.ಡಿ. ಮಾರಕೂಡದೆಂದು ಲಾಸ್ ಏಂಜಲೀಸ್ ನ್ಯಾಯಾಲಯ ಹೇಳಬೇಕಾಯಿತು. ಅದು ಸರಿಯಾದ ಆದೇಶ. ಆದರೆ ಅಪ್ಪಣೆಯ ನಿಯಮವೊಂದೇ ಕಲಾವಿದನನ್ನು ಕಾಯುತ್ತದೆಂದು ನಂಬಲು ಗ್ರೆಗರಿ ಕೋಲ್ಮನ್ ಅವರ ಕಥೆ ಬಿಡುವುದಿಲ್ಲ. 1969ರಲ್ಲಿ ‘ಅಮೆನ್, ಬ್ರದರ್’ ಹಾಡಿಗೆ ಅವರು ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ ಲಯ ಮುಂದೆ ಸಾವಿರಾರು ಹಾಡುಗಳಿಗೆ ಅಡಿಪಾಯವಾಯಿತು. 2006ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅದರಿಂದ ರಾಯಧನ ಬರಲಿಲ್ಲ. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಕಂಪನಿಯ ಕೈಯಲ್ಲಿರುತ್ತದೆ, ಬೆವರು ಸುರಿಸಿ ನುಡಿಸಿದವರ ಕೈಯಲ್ಲಲ್ಲ. ಹಾಗಾಗಿ ಸ್ಯಾಂಪಲ್‌ಗೆ ಕಟ್ಟುವ ರಾಯಧನದಲ್ಲಿ ವಾದಕರಿಗೆ, ಗಾಯಕರಿಗೆ ಬಿಟ್ಟುಕೊಡಲಾಗದ ಪಾಲು ಇರಬೇಕು. ಚಿತ್ರಸಾಹಿತಿಗಳಿಗೂ ಸಂಯೋಜಕರಿಗೂ 2012ರ ತಿದ್ದುಪಡಿ ಇಂಥ ಪಾಲನ್ನು ಕೊಟ್ಟಿದೆ.

ಬೇಕಿದ್ದರೆ ಆ ಲಯವನ್ನು ತಾವೇ ನುಡಿಸಿಕೊಳ್ಳಲಿ ಎನ್ನುವವರಿದ್ದಾರೆ. ಕ್ರಾಫ್ಟ್‌ವರ್ಕ್ ತಂಡದ ಎರಡು ಸೆಕೆಂಡಿನ ಲಯದ ವ್ಯಾಜ್ಯದಲ್ಲಿ ಜರ್ಮನಿಯ ನ್ಯಾಯಾಲಯವೂ ಹಾಗೆಯೇ ಹೇಳಿತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ 2016ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಹಳೆಯ ರೆಕಾರ್ಡಿನ ಗೊರಗೊರ ಸದ್ದು, ಆ ಕೋಣೆಯ ಗುಂಗು, ಆ ಕೈಯ ತೂಕ ಮರುನುಡಿತದಲ್ಲಿ ಸಿಗುವುದಿಲ್ಲ; ಸ್ಯಾಂಪ್ಲಿಂಗ್ ಕಲೆಯ ಕಚ್ಚಾವಸ್ತುವೇ ಅದು. ಇನ್ನು ದುರ್ಬಳಕೆಯ ಭಯಕ್ಕೆ 57ನೇ ಸೆಕ್ಷನ್ನಿನ ನೈತಿಕ ಹಕ್ಕು ಈಗಾಗಲೇ ಇದೆ: ಕೃತಿಯನ್ನು ತನ್ನ ಮಾನಕ್ಕೆ ಕುಂದಾಗುವಂತೆ ತಿರುಚಿದರೆ ಕರ್ತೃ ತಡೆಯಬಹುದು. ಜಾಹೀರಾತು, ಚುನಾವಣಾ ಪ್ರಚಾರಗಳಿಗೆ ಮಾತ್ರ ಅಪ್ಪಣೆಯ ನಿಯಮವನ್ನು ಹಾಗೆಯೇ ಉಳಿಸಿಕೊಂಡು, ಉಳಿದ ಸಂಗೀತಕ್ಕೆ ಚೂರಿನ ಉದ್ದ ಮತ್ತು ಹೊಸ ಹಾಡಿನ ಗಳಿಕೆಯ ಮೇಲೆ ದರ ಗೊತ್ತುಮಾಡುವ ಹೊಸ ಸೆಕ್ಷನ್ನನ್ನು 31ಸಿ ಪಕ್ಕದಲ್ಲೇ ಸಂಸತ್ತು ಸೇರಿಸಬೇಕು.